ಅಡಿಕೆ ಸಿಪ್ಪೆಯ ಕ್ಸೈಲೋಸ್‌ಗೆ ಯಾವ ಸೂಕ್ಷ್ಮಜೀವಿ? ತರಿಸುವ ಮೊದಲು ನೋಡಬೇಕಾದ ಲೆಕ್ಕಗಳು

ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಸುಲಿದ ಮೇಲೆ ಉಳಿಯುವ ಸಿಪ್ಪೆಯಲ್ಲಿ ಸಕ್ಕರೆ ಇದೆ ಎಂಬುದು ಈಗ ಹೆಚ್ಚಿನವರಿಗೆ ಗೊತ್ತು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ತೋಟದ ಬುಡಕ್ಕೆ, ಬಚ್ಚಲೊಲೆಗೆ ಹೋಗಿ ಮಿಕ್ಕಿದ್ದು ರಾಶಿ ಬೀಳುವ ಈ ಸಿಪ್ಪೆಯ ಒಣ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಹೆಮಿಸೆಲ್ಯುಲೋಸ್. ಅದರ ಬೆನ್ನೆಲುಬು ಕ್ಸೈಲಾನ್. ಆಮ್ಲದಲ್ಲಿ ಬೇಯಿಸಿದರೆ ಕ್ಸೈಲಾನ್ ಮುರಿದು ಐದು ಇಂಗಾಲದ ಕ್ಸೈಲೋಸ್ ಸಕ್ಕರೆಯಾಗುತ್ತದೆ. ಅದನ್ನು ಸೂಕ್ಷ್ಮಜೀವಿಗೆ ತಿನ್ನಿಸಿ ಇಥನಾಲ್, ಕ್ಸೈಲಿಟಾಲ್ ಎಂಬ ಸಿಹಿಕಾರಕ, ಲ್ಯಾಕ್ಟಿಕ್ ಆಮ್ಲ ಅಥವಾ ಮೇವಿನ ಯೀಸ್ಟ್ ಮಾಡಿಕೊಳ್ಳಬಹುದು. ಪ್ರಾಜೆಕ್ಟ್‌ಗೆ ಹೊರಟ ವಿದ್ಯಾರ್ಥಿಗಳೂ ಸಣ್ಣ ಉದ್ಯಮದ ಕನಸು ಕಾಣುವ ಕೃಷಿಕರೂ ಇಲ್ಲಿಗೆ ಬಂದು ಒಂದೇ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುತ್ತಾರೆ: ಪಿಚಿಯಾ ತರಿಸುವುದಾ, ಕ್ಯಾಂಡಿಡಾ ತರಿಸುವುದಾ, ಲ್ಯಾಕ್ಟೋಬ್ಯಾಸಿಲಸ್ ಸಾಕಾ, ಅಥವಾ ಬೇಕರಿ ಯೀಸ್ಟ್‌ನಲ್ಲೇ ಮುಗಿಸಬಹುದಾ?

ಕೊನೆಯದಕ್ಕೆ ಉತ್ತರ ಸುಲಭ. ಬೇಕರಿ ಯೀಸ್ಟ್, ಅಂದರೆ ಸ್ಯಾಕರೋಮೈಸಿಸ್ ಸೆರೆವಿಸಿಯೆ, ಕ್ಸೈಲೋಸ್ ಮೇಲೆ ಬೆಳೆಯುವುದಿಲ್ಲ. ಅದೇ ಸಕ್ಕರೆಯ ಇನ್ನೊಂದು ರೂಪವಾದ ಕ್ಸೈಲುಲೋಸ್ ಕೊಟ್ಟರೆ ಹುದುಗಿಸುತ್ತದೆ. ಹಾಗಾದರೆ ಐಸೊಮರೇಸ್ ಕಿಣ್ವ ಹಾಕಿ ಕ್ಸೈಲೋಸನ್ನು ಕ್ಸೈಲುಲೋಸ್ ಮಾಡಿಕೊಡೋಣ ಎಂದರೆ, ಸಮತೋಲನದಲ್ಲಿ ಆರರಲ್ಲಿ ಒಂದು ಪಾಲು ಮಾತ್ರ ಕ್ಸೈಲುಲೋಸ್ ಆಗಿ ಉಳಿದದ್ದು ಹಾಗೇ ಇರುತ್ತದೆ. ಕಿಣ್ವಕ್ಕೆ 60 ಡಿಗ್ರಿ ತಾಪ, 7ರಿಂದ 8 ಪಿಎಚ್ ಬೇಕು. ಯೀಸ್ಟ್‌ಗೆ 30 ಡಿಗ್ರಿ, ಪಿಎಚ್ 5. ಒಂದೇ ಪಾತ್ರೆಯಲ್ಲಿ ಎರಡಕ್ಕೂ ಸುಖವಿಲ್ಲ. ಬೇಕರಿ ಯೀಸ್ಟನ್ನು ಇಲ್ಲಿಗೇ ಬಿಡೋಣ.

ಉಳಿದವುಗಳಲ್ಲಿ ಆರಿಸುವುದಕ್ಕೆ ಇಳುವರಿಯ ಅಂಕಿಯಿಂದ ಶುರುಮಾಡಬೇಡಿ. ಪ್ರಬಂಧಗಳಲ್ಲಿ ಕಾಣುವ ಇಳುವರಿಗಳು ಗಾಳಿಯನ್ನೂ ಪಿಎಚ್ಚನ್ನೂ ಯಂತ್ರವೇ ಹಿಡಿದಿಟ್ಟ ಫರ್ಮೆಂಟರಿನವು. ನಿಮ್ಮಲ್ಲಿ ಇರುವುದು ಶೇಕರ್ ಮತ್ತು ಹತ್ತಿ ಬಿರಡೆಯ ಫ್ಲಾಸ್ಕ್ ಆದರೆ ಪ್ರಶ್ನೆಯೇ ಬೇರೆಯಾಗುತ್ತದೆ.

ಅಳತೆಗೋಲುಗಳು

ಮೊದಲನೆಯದು ಗಾಳಿ. ಕ್ಸೈಲೋಸ್ ಏನಾಗಬೇಕು ಎಂಬುದನ್ನು ಯೀಸ್ಟ್‌ಗಳಲ್ಲಿ ನಿರ್ಧರಿಸುವುದು ಬಹುಪಾಲು ಆಮ್ಲಜನಕವೇ. ನೀವು ಅದನ್ನು ಎಷ್ಟು ನಿಖರವಾಗಿ ಕೊಡಬಲ್ಲಿರಿ? ಆಷಾಢದ ಮಳೆಗೆ ಕರೆಂಟ್ ಹೋಗಿ ಶೇಕರ್ ಮೂರು ಗಂಟೆ ನಿಂತರೆ ನಿಮ್ಮ ಜೀವಿ ಅದನ್ನು ತಾಳಿಕೊಳ್ಳುತ್ತದೆಯೇ?

ಎರಡನೆಯದು ಅಳತೆಯ ಸೌಕರ್ಯ. ತಯಾರಾದ ವಸ್ತುವನ್ನು ನೀವು ಅಳೆಯಲಾಗದಿದ್ದರೆ ಅದನ್ನು ತಯಾರಿಸಿ ಪ್ರಯೋಜನವಿಲ್ಲ. ಒಣ ಯೀಸ್ಟ್‌ಗೆ ತಕ್ಕಡಿ ಸಾಕು. ಲ್ಯಾಕ್ಟಿಕ್ ಆಮ್ಲಕ್ಕೆ ಬ್ಯುರೆಟ್ ಸಾಕು. ಇಥನಾಲ್‌ಗೆ ಬಟ್ಟಿ ಇಳಿಸಿ ಡೈಕ್ರೋಮೇಟ್ ವಿಧಾನ ಮಾಡಬಹುದು. ಕ್ಸೈಲಿಟಾಲ್‌ಗೆ ಮಾತ್ರ ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಥವಾ ಕಿಣ್ವದ ಕಿಟ್ ಇಲ್ಲದೆ ನಂಬುವಂಥ ಉತ್ತರ ಸಿಗುವುದು ಕಷ್ಟ.

ಮೂರನೆಯದು ತಾಪ. ಏಪ್ರಿಲ್‌ನಲ್ಲಿ ನಮ್ಮ ಕರಾವಳಿಯ ಕೋಣೆಯೊಳಗೆ 33, 34 ಡಿಗ್ರಿ ಸಾಮಾನ್ಯ. 30 ಡಿಗ್ರಿ ಬೇಡುವ ಯೀಸ್ಟ್‌ಗೆ ತಂಪುಮಾಡುವ ಇನ್‌ಕ್ಯುಬೇಟರ್ ಬೇಕು. ಬಿಸಿಮಾಡುವುದು ಮಾತ್ರ ಇದ್ದರೆ ಸಾಲದು.

ನಾಲ್ಕನೆಯದು ವಿಷ ತಾಳುವ ಶಕ್ತಿ. ಸಿಪ್ಪೆಯನ್ನು ಆಮ್ಲದಲ್ಲಿ ಬೇಯಿಸಿದಾಗ ಸಕ್ಕರೆಯೊಂದೇ ಬರುವುದಿಲ್ಲ. ಅಸಿಟಿಕ್ ಆಮ್ಲ, ಫರ್ಫ್ಯುರಾಲ್, ಫೀನಾಲ್‌ಗಳೂ ಬರುತ್ತವೆ.

ಐದನೆಯದು ಸುರಕ್ಷತೆ ಮತ್ತು ಅನುಮತಿ. ಇದನ್ನು ಕೊನೆಗೆ ನೋಡಿದರಾಯಿತು ಎಂದು ಬಿಡುವವರೇ ಹೆಚ್ಚು. ಪ್ರಾಜೆಕ್ಟ್ ಅರ್ಧಕ್ಕೆ ನಿಲ್ಲುವುದು ಇದರಿಂದಲೇ.

ರಸ ತೆಗೆಯುವಾಗಲೇ ಅರ್ಧ ಆಯ್ಕೆ ಆಗಿರುತ್ತದೆ

ಜೀವಿ ಯಾವುದಾದರೂ ಇರಲಿ, ಅದು ಕುಡಿಯುವ ರಸ ಒಂದೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುವುದು ಒಳ್ಳೆಯದು.

ನಮ್ಮದು ಚಾಲಿಯ ಸಿಪ್ಪೆ. ತಿಂಗಳಿಗೂ ಮಿಕ್ಕಿ ಅಂಗಳದಲ್ಲಿ ಒಣಗಿದ್ದು. ಮಣ್ಣು, ಬೂಷ್ಟು ಎರಡೂ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಳೆಗಾಲದಲ್ಲಿ ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತು (ತಾಮ್ರದ ಸಲ್ಫೇಟ್) ಅದರ ಮೇಲೆ ಉಳಿದಿರಬಹುದು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣದ ಆ ದ್ರಾವಣದಲ್ಲಿರುವ ತಾಮ್ರ ಆಮ್ಲದಲ್ಲಿ ಸಲೀಸಾಗಿ ಕರಗಿ ರಸಕ್ಕೆ ಇಳಿಯುತ್ತದೆ. ತಾಮ್ರ ಶಿಲೀಂಧ್ರನಾಶಕ, ಯೀಸ್ಟ್ ಶಿಲೀಂಧ್ರದ ಜಾತಿಯದು. ಬೇರೆ ಊರಿನ ಪ್ರಬಂಧ ನೋಡಿ ಕೆಲಸ ಮಾಡುವವರಿಗೆ ಈ ಎಚ್ಚರಿಕೆ ಎಲ್ಲೂ ಸಿಗುವುದಿಲ್ಲ. ಸಿಪ್ಪೆಯನ್ನು ಕೊಚ್ಚಿ, ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿ, ನಂತರ ಪುಡಿಮಾಡಿ. ತೊಳೆಯುವಾಗ ಟ್ಯಾನಿನ್‌ಗಳೂ ಒಂದಿಷ್ಟು ಹೋಗುತ್ತವೆ. ನೀರು ಕಡು ಚಹಾದ ಬಣ್ಣಕ್ಕೆ ತಿರುಗಿದ್ದು ಕಂಡರೆ ಗಾಬರಿ ಬೇಡ.

100 ಗ್ರಾಂ ಪುಡಿಗೆ ಒಂದು ಲೀಟರ್ 1 ಶೇಕಡಾ ಸಲ್ಫ್ಯೂರಿಕ್ ಆಮ್ಲ. ಅಂದರೆ ಒಂದು ಲೀಟರ್ ನೀರಿಗೆ 98 ಶೇಕಡಾ ಆಮ್ಲ ಸುಮಾರು 5.5 ಎಂಎಲ್. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. 121 ಡಿಗ್ರಿಯಲ್ಲಿ 45 ನಿಮಿಷ. ಆಟೊಕ್ಲೇವ್ ಇಲ್ಲದವರು ಪ್ರೆಷರ್ ಕುಕ್ಕರ್ ಬಳಸಬಹುದು, ಆದರೆ ಆಮ್ಲ ಗಾಜಿನ ಬಾಟಲಿಯೊಳಗೇ ಇರಬೇಕು. ಅಲ್ಯುಮಿನಿಯಂಗೆ ತಾಗಿದರೆ ಕುಕ್ಕರೂ ಹೋಯಿತು, ರಸವೂ ಹೋಯಿತು. ಸಕ್ಕರೆ ಹೆಚ್ಚು ಬರಲಿ ಎಂದು ಒಂದೂವರೆ ಗಂಟೆ ಬೇಯಿಸಿದರೆ ಸಿಗುವುದು ಹೆಚ್ಚು ಫರ್ಫ್ಯುರಾಲ್. ಅದು ಕ್ಸೈಲೋಸ್‌ನಿಂದಲೇ ಆಗುವುದು, ಹಾಗಾಗಿ ನಷ್ಟ ಎರಡು ಪಟ್ಟು.

ಸೋಸಿದ ರಸಕ್ಕೆ ಸುಣ್ಣ ಹಾಕಿ ಪಿಎಚ್ 10ಕ್ಕೆ ಏರಿಸಿ, 60 ಡಿಗ್ರಿಯ ಆಸುಪಾಸಿನಲ್ಲಿ ಅರ್ಧ ಗಂಟೆ ಬಿಡಿ. ಲೀಟರಿನಲ್ಲಿರುವ 10 ಗ್ರಾಂ ಆಮ್ಲವನ್ನು ತಟಸ್ಥ ಮಾಡಲು ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸುಮಾರು 7.6 ಗ್ರಾಂ ಬೇಕು, ಪಿಎಚ್ 10ಕ್ಕೆ ಇನ್ನೂ ಸ್ವಲ್ಪ. ವೀಳ್ಯದ ಜೊತೆ ತಿನ್ನುವ ಚಿಪ್ಪಿನ ಸುಣ್ಣವೂ ನಡೆಯುತ್ತದೆ. ಅದರಲ್ಲಿ ನೀರು, ಕಾರ್ಬನೇಟ್ ಸೇರಿರುವ ಕಾರಣ ತೂಕ ನಂಬದೆ ಪಿಎಚ್ ನೋಡಿ ಹಾಕಿ. ಈ ಹಂತದಲ್ಲಿ ತಾಮ್ರದ ಬಹುಪಾಲು ಹೈಡ್ರಾಕ್ಸೈಡ್ ಆಗಿ ಜಿಪ್ಸಂ ಜೊತೆ ತಳಕ್ಕೆ ಕೂರುತ್ತದೆ. ಇಲ್ಲೊಂದು ಸೂಕ್ಷ್ಮ: ಪಿಎಚ್ 10ರಲ್ಲೇ ಸೋಸಬೇಕು. ಕೆಸರು ಇರುವಾಗಲೇ ಆಮ್ಲ ಹಾಕಿ 5.5ಕ್ಕೆ ಇಳಿಸಿದರೆ ಕೂತ ತಾಮ್ರ ಮತ್ತೆ ಕರಗಿ ಮೇಲೆ ಬರುತ್ತದೆ. ಸೋಸಿದ ನಂತರ ಆಮ್ಲ ಹಾಕಿ ಇಳಿಸಿ, ಲೀಟರಿಗೆ 10ರಿಂದ 20 ಗ್ರಾಂ ಸಕ್ರಿಯ ಇದ್ದಿಲು ಹಾಕಿ ಕಲಸಿ, ಮತ್ತೊಮ್ಮೆ ಸೋಸಿ. ಆಟೊಕ್ಲೇವ್ ಆದ ಮೇಲೆ ತಳದಲ್ಲಿ ಬಿಳಿ ಪುಡಿ ಕಂಡರೆ ಅದು ಉಳಿದ ಜಿಪ್ಸಂ, ಸೋಂಕಲ್ಲ.

ಸುಣ್ಣ, ಇದ್ದಿಲು ಎರಡೂ ಅಸಿಟಿಕ್ ಆಮ್ಲವನ್ನು ಹೆಚ್ಚೇನೂ ತೆಗೆಯುವುದಿಲ್ಲ. ಅದರ ವಿಷ ಕಡಿಮೆ ಮಾಡಲು ಇರುವ ಅಗ್ಗದ ದಾರಿ ಪಿಎಚ್. ಜೀವಕೋಶದೊಳಗೆ ನುಗ್ಗುವುದು ವಿಘಟನೆಯಾಗದ ಅಸಿಟಿಕ್ ಆಮ್ಲ. ಪಿಎಚ್ 4.5ರಲ್ಲಿ ಅದರ ಪಾಲು ಸುಮಾರು 65 ಶೇಕಡಾ, 5.5ರಲ್ಲಿ 15, 6ರಲ್ಲಿ ಬರೀ 5. ಪುಸ್ತಕದಲ್ಲಿ ಯೀಸ್ಟ್‌ಗೆ 4.5 ಉತ್ತಮ ಎಂದಿದ್ದರೂ ಸಿಪ್ಪೆಯ ರಸಕ್ಕೆ 5.5ರಿಂದ 6 ಇಟ್ಟುಕೊಳ್ಳಿ.

ಸಾಂದ್ರತೆಯ ಮಾತೂ ಇದೆ. ಒಂದು ಕೆಜಿ ಸಿಪ್ಪೆಯಿಂದ 150 ಗ್ರಾಂ ಕ್ಸೈಲೋಸ್ ಸಿಕ್ಕಿತು ಎಂದಿಟ್ಟುಕೊಳ್ಳಿ, ಅದು 10 ಲೀಟರಿನಲ್ಲಿ ಹರಡಿಕೊಂಡಿರುತ್ತದೆ: ಲೀಟರಿಗೆ 15 ಗ್ರಾಂ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕಗಳೆಲ್ಲ ಇದರ ಮೇಲೆಯೇ.

ಇಥನಾಲ್ ಬೇಕೆಂದರೆ: ಸ್ಕೆಫರ್ಸೊಮೈಸಿಸ್ ಸ್ಟಿಪಿಟಿಸ್

ಹಳೆಯ ಹೆಸರು ಪಿಚಿಯಾ ಸ್ಟಿಪಿಟಿಸ್. ಕ್ಯಾಟಲಾಗಿನಲ್ಲಿ ಈಗಲೂ ಹಾಗೆಯೇ ಇರಬಹುದು. ಮರ ತಿನ್ನುವ ಜೀರುಂಡೆಗಳ ಕರುಳಿನಲ್ಲಿ ಇದರ ಬಳಗ ವಾಸಿಸುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಗ್ರಹದಲ್ಲಿ ಎನ್‌ಸಿಐಎಂ 3498 ಎಂಬ ತಳಿ ಇದೆ, ನಮ್ಮ ದೇಶದ ಬಹಳಷ್ಟು ಕೆಲಸ ಅದರ ಮೇಲೆಯೇ ನಡೆದಿದೆ.

ಇದು ಬೇರೆ ಯೀಸ್ಟ್‌ಗಳಿಗಿಂತ ಭಿನ್ನವಾಗುವುದು ಒಂದು ಕಿಣ್ವದ ಗುಣದಿಂದ. ಯೀಸ್ಟ್‌ಗಳಲ್ಲಿ ಕ್ಸೈಲೋಸ್ ಮೊದಲು ಕ್ಸೈಲೋಸ್ ರಿಡಕ್ಟೇಸ್ ಮೂಲಕ ಕ್ಸೈಲಿಟಾಲ್ ಆಗುತ್ತದೆ, ಆಮೇಲೆ ಕ್ಸೈಲಿಟಾಲ್ ಡಿಹೈಡ್ರೋಜಿನೇಸ್ ಅದನ್ನು ಕ್ಸೈಲುಲೋಸ್ ಮಾಡುತ್ತದೆ. ಮುಂದೆ ಫಾಸ್ಫೇಟ್ ಅಂಟಿಸಿಕೊಂಡು ಪೆಂಟೋಸ್ ಫಾಸ್ಫೇಟ್ ಪಥಕ್ಕೆ ಸೇರುತ್ತದೆ. ಮೊದಲ ಹೆಜ್ಜೆಗೆ ಖರ್ಚಾಗುವುದು ಎನ್‌ಎಡಿಪಿಎಚ್, ಎರಡನೆಯದರಲ್ಲಿ ಹುಟ್ಟುವುದು ಎನ್‌ಎಡಿಎಚ್; ಎರಡೂ ಜೀವಕೋಶದೊಳಗೆ ಇಲೆಕ್ಟ್ರಾನ್ ಹೊರುವ ಅಣುಗಳು. ಒಂದು ದೇಶದ ನೋಟು ಕೊಟ್ಟು ಇನ್ನೊಂದು ದೇಶದ ಚಿಲ್ಲರೆ ವಾಪಸ್ ಪಡೆದ ಹಾಗೆ: ಚಿಲ್ಲರೆ ತುಂಬುತ್ತದೆ, ನೋಟು ಖಾಲಿಯಾಗುತ್ತದೆ. ಎನ್‌ಎಡಿಎಚ್ ಖರ್ಚಾಗಲು ಆಮ್ಲಜನಕ ಬೇಕು. ಇಲ್ಲದಿದ್ದರೆ ಎರಡನೇ ಹೆಜ್ಜೆ ನಿಂತು ಕ್ಸೈಲಿಟಾಲ್ ಹೊರಬೀಳುತ್ತದೆ. ಸ್ಟಿಪಿಟಿಸ್‌ನ ರಿಡಕ್ಟೇಸ್ ಎನ್‌ಎಡಿಎಚ್ಚನ್ನೂ ಬಳಸಬಲ್ಲದು. ಹಾಗಾಗಿ ಲೆಕ್ಕ ಒಳಗೇ ಸರಿಹೋಗಿ ಇಥನಾಲ್‌ವರೆಗೆ ಹೋಗುತ್ತದೆ.

ಮೂರು ಕ್ಸೈಲೋಸ್ ಅಣುವಿಗೆ ಐದು ಇಥನಾಲ್, ಐದು ಇಂಗಾಲದ ಡೈಆಕ್ಸೈಡ್. ಗ್ರಾಂ ಸಕ್ಕರೆಗೆ ಗರಿಷ್ಠ 0.51 ಗ್ರಾಂ. ಚೆನ್ನಾಗಿ ನಡೆದರೆ 0.40ರಿಂದ 0.45. ಆದರೆ ಪೂರ್ತಿ ಗಾಳಿ ಮುಚ್ಚಿದರೆ ಬೆಳೆಯುವುದಿಲ್ಲ, ಹೆಚ್ಚು ಕೊಟ್ಟರೆ ಇಥನಾಲನ್ನೇ ತಿಂದು ಬೆಳೆಯುತ್ತದೆ. ಚೂರೇ ಚೂರು ಗಾಳಿ ಬೇಕು, ಅದೇ ಇದರ ಕಿರಿಕಿರಿ. 250 ಎಂಎಲ್ ಫ್ಲಾಸ್ಕ್‌ನಲ್ಲಿ 125ರಿಂದ 150 ಎಂಎಲ್ ರಸ, 100ರಿಂದ 120 ಆರ್‌ಪಿಎಂ, 30 ಡಿಗ್ರಿ ಎಂದು ಆರಂಭಿಸಿ, ಆಮೇಲೆ ರಸದ ಪ್ರಮಾಣವನ್ನೇ ಹೆಚ್ಚುಕಡಿಮೆ ಮಾಡಿ ನೋಡಿ.

ಹಣದ ಲೆಕ್ಕದಲ್ಲಿ ಇದು ನಿಲ್ಲುವುದಿಲ್ಲ. ಲೀಟರಿಗೆ 15 ಗ್ರಾಂ ಸಕ್ಕರೆಯಿಂದ ಬರುವುದು 6 ಗ್ರಾಂ ಇಥನಾಲ್. ಕೆಜಿ ಸಿಪ್ಪೆಗೆ ಒಟ್ಟು 60 ಗ್ರಾಂ, ಅಂದರೆ 76 ಎಂಎಲ್, ಅದೂ 10 ಲೀಟರ್ ನೀರಿನೊಳಗೆ. ಬಟ್ಟಿ ಇಳಿಸುವುದು ಲಾಭಕ್ಕೆ ಬರಬೇಕಾದರೆ ಲೀಟರಿಗೆ 40 ಗ್ರಾಂ ಆದರೂ ಇರಬೇಕು ಎಂಬುದು ಉದ್ಯಮದ ರೂಢಿಯ ಮಾತು. ಈ ಯೀಸ್ಟ್ ತಾಳುವುದೂ ಹೆಚ್ಚುಕಡಿಮೆ ಅಷ್ಟಕ್ಕೇ. ಸಾಲದ್ದಕ್ಕೆ ಅಬಕಾರಿ ಪರವಾನಗಿ. ಪ್ರಾಜೆಕ್ಟ್‌ಗೆ ಒಳ್ಳೆಯದು, ತೋಟದ ಮನೆಗೆ ಅಲ್ಲ. ಅಕ್ಕಲಕೋಟೆ, ಜತ್ತದ ಕಡೆ ಕಬ್ಬಿನ ಸಿಪ್ಪೆ, ಬಾಯ್ಲರ್, ಡಿಸ್ಟಿಲರಿ ಒಂದೇ ಆವರಣದಲ್ಲಿ ಇರುವವರ ಲೆಕ್ಕ ಬೇರೆ; ಅವರಿಗೆ ಉಗಿ ಪುಕ್ಕಟೆ.

ಕ್ಸೈಲಿಟಾಲ್ ಬೇಕೆಂದರೆ: ಕ್ಯಾಂಡಿಡಾ ಮತ್ತು ಅದರ ಸಾಧು ನೆಂಟರು

ಮೇಲೆ ಹೇಳಿದ ಅಸಮತೋಲವೇ ಇಲ್ಲಿ ಲಾಭ. ಕ್ಯಾಂಡಿಡಾ ಟ್ರಾಪಿಕಾಲಿಸ್‌ನಂಥವುಗಳಲ್ಲಿ ರಿಡಕ್ಟೇಸ್ ಎನ್‌ಎಡಿಪಿಎಚ್ಚನ್ನೇ ಬೇಡುತ್ತದೆ. ಗಾಳಿ ಸ್ವಲ್ಪ ಕಟ್ಟಿದರೆ ಕ್ಸೈಲಿಟಾಲ್ ತಾನಾಗಿಯೇ ಹೊರಗೆ ಸೇರುತ್ತದೆ. ಸಿದ್ಧಾಂತದ ಮಿತಿ ಗ್ರಾಂಗೆ ಸುಮಾರು 0.9, ಕೈಗೆ ಬರುವುದು 0.6ರಿಂದ 0.8. ಕೆಜಿ ಸಿಪ್ಪೆಗೆ 0.65ರಂತೆ ಸುಮಾರು 97 ಗ್ರಾಂ.

ಗಾಳಿಯ ವಿಷಯದಲ್ಲಿ ಸ್ಟಿಪಿಟಿಸ್‌ಗಿಂತ ಇದು ಉದಾರಿ. 250 ಎಂಎಲ್ ಫ್ಲಾಸ್ಕ್‌ಗೆ 100 ಎಂಎಲ್, 150ರಿಂದ 200 ಆರ್‌ಪಿಎಂ. ಮೊದಲ ದಿನ ಜಾಸ್ತಿ ಅಲುಗಾಡಿಸಿ ಜೀವಕೋಶ ಬೆಳೆಸಿ, ಆಮೇಲೆ ವೇಗ ಇಳಿಸಿದರೆ ಇನ್ನೂ ಚೆನ್ನ. ಶೇಕರ್ ಕೆಲ ಗಂಟೆ ನಿಂತರೆ ಕೆಲಸ ನಿಧಾನವಾಗುತ್ತದೆ, ಹಾಳಾಗುವುದಿಲ್ಲ. ಸ್ವಲ್ಪ ಗ್ಲೂಕೋಸ್ ಜೊತೆಗಿದ್ದರೆ ಎನ್‌ಎಡಿಪಿಎಚ್ ಒದಗಿ ಇಳುವರಿ ಏರುತ್ತದೆ. ಜಾಸ್ತಿಯಾದರೆ ಗ್ಲೂಕೋಸ್ ಮುಗಿಯುವ ತನಕ ಕ್ಸೈಲೋಸ್ ಮುಟ್ಟುವುದಿಲ್ಲ.

ತೊಡಕು ಟ್ರಾಪಿಕಾಲಿಸ್‌ನ ಸ್ವಭಾವದಲ್ಲಿದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ರಕ್ತದ ಸೋಂಕು ತರಬಲ್ಲ ಜೀವಿ. ಬಯೋಸೇಫ್ಟಿ ಕ್ಯಾಬಿನೆಟ್ ಇಲ್ಲದ ಪದವಿ ಕಾಲೇಜಿನ ಲ್ಯಾಬಿಗೆ ಅದನ್ನು ತರಿಸುವುದು ಜಾಣತನವಲ್ಲ, ಇಳುವರಿ ಎಷ್ಟೇ ಇರಲಿ. ಬದಲಿಗೆ ಡಿಬಾರಿಯೊಮೈಸಿಸ್ ಹ್ಯಾನ್ಸೆನಿ ನೋಡಿ. ಚೀಸ್‌ನಲ್ಲಿ ಸಿಗುವ ಯೀಸ್ಟ್. ಉಪ್ಪನ್ನೂ ಒಳ್ಳೆಯದಾಗಿ ತಾಳುತ್ತದೆ, ಆಮ್ಲ ಸುಣ್ಣ ಹಾಕಿ ಲವಣ ತುಂಬಿದ ರಸಕ್ಕೆ ಅದೊಂದು ಗುಣವೇ. ಆದರೆ ಅದಕ್ಕೆ ತಂಪು ಇಷ್ಟ, 30ರ ಕೆಳಗೇ ಇಡಬೇಕು. ತಂಪು ಇನ್‌ಕ್ಯುಬೇಟರ್ ಇಲ್ಲವೇ? ಕ್ಲುವೆರೊಮೈಸಿಸ್ ಮಾರ್ಕ್ಸಿಯಾನಸ್ 40 ಡಿಗ್ರಿಯಲ್ಲೂ ಬೆಳೆಯುತ್ತದೆ, ಹಾಲಿನ ಪದಾರ್ಥಗಳ ಜೀವಿ, ಸುರಕ್ಷಿತ. ಇಳುವರಿ ಕ್ಯಾಂಡಿಡಾದಷ್ಟು ಬರುವುದಿಲ್ಲ, ಏಪ್ರಿಲ್‌ನ ಸೆಖೆಗೆ ಮಾತ್ರ ಸೋಲುವುದಿಲ್ಲ. ನನ್ನ ಮತ ಕೇಳಿದರೆ ಕ್ಸೈಲಿಟಾಲ್ ಮಾಡಹೊರಟ ನಮ್ಮ ಊರಿನ ಸಣ್ಣ ಲ್ಯಾಬಿಗೆ ಇದೇ ಮೊದಲ ಆಯ್ಕೆ.

ಮಾರಾಟದ ಆಸೆ ಇದ್ದವರು ಮುಂದಿನ ಹಂತ ನೋಡಿಕೊಳ್ಳಬೇಕು. ಹುದುಗಿದ ರಸದಿಂದ ಕ್ಸೈಲಿಟಾಲ್ ಹರಳು ತೆಗೆಯಲು ಇದ್ದಿಲು, ಅಯಾನ್ ವಿನಿಮಯ ರಾಳ, ನಿರ್ವಾತದಲ್ಲಿ ಗಟ್ಟಿ ಪಾಕ, ನಿಧಾನ ತಂಪು, ಇಷ್ಟೂ ಬೇಕು. ಅರಾಬಿನೋಸ್ ಮತ್ತು ಉಳಿದ ಕ್ಸೈಲೋಸ್ ಹರಳುಗಟ್ಟುವುದನ್ನು ತಡೆಯುತ್ತವೆ. ದೊಡ್ಡ ಕಾರ್ಖಾನೆಗಳು ಶುದ್ಧ ಕ್ಸೈಲೋಸನ್ನು ನಿಕಲ್ ವೇಗವರ್ಧಕದ ಮೇಲೆ ಹೆಚ್ಚಿನ ಒತ್ತಡದ ಜಲಜನಕದಿಂದಲೇ ಕ್ಸೈಲಿಟಾಲ್ ಮಾಡುತ್ತವೆ. ಅವರ ಬೆಲೆಯ ಜೊತೆ ಪೈಪೋಟಿಗೆ ಇಳಿಯಬೇಡಿ. ಅಂದಹಾಗೆ, ಮಿಕ್ಕ ರಸವನ್ನು ನಾಯಿಗೆ ಸಿಗುವಲ್ಲಿ ಚೆಲ್ಲಬೇಡಿ. ಕ್ಸೈಲಿಟಾಲ್ ನಾಯಿಗಳಲ್ಲಿ ರಕ್ತದ ಸಕ್ಕರೆಯನ್ನು ಧಡಕ್ಕನೆ ಇಳಿಸಿ ಕೊಲ್ಲಬಲ್ಲದು.

ಲ್ಯಾಕ್ಟಿಕ್ ಆಮ್ಲ: ಗಾಳಿಯ ಗೊಡವೆ ಇಲ್ಲದ ದಾರಿ

ಬ್ಯಾಕ್ಟೀರಿಯಾಗಳ ಪ್ರವೇಶದ್ವಾರವೇ ಬೇರೆ. ಕ್ಸೈಲೋಸ್ ಐಸೊಮರೇಸ್ ಎಂಬ ಒಂದೇ ಕಿಣ್ವ ಕ್ಸೈಲೋಸನ್ನು ನೇರ ಕ್ಸೈಲುಲೋಸ್ ಮಾಡುತ್ತದೆ, ಎನ್‌ಎಡಿಪಿಎಚ್ ಲೆಕ್ಕವೇ ಇಲ್ಲ. ಆದ್ದರಿಂದ ಇಲ್ಲಿ ಶೇಕರ್ ಬೇಡ, ಕರೆಂಟ್ ಹೋದರೂ ಚಿಂತೆಯಿಲ್ಲ. ತಾಪ ಇಳಿಯದಂತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟರಾಯಿತು.

ಆದರೆ ಎಲ್ಲ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಒಂದೇ ಅಲ್ಲ. ಲ್ಯಾಕ್ಟೋಬ್ಯಾಸಿಲಸ್ ಪೆಂಟೋಸಸ್, ಬ್ರೆವಿಸ್ ಫಾಸ್ಫೋಕೀಟೋಲೇಸ್ ಪಥ ಹಿಡಿಯುತ್ತವೆ. ಐದು ಇಂಗಾಲದ ಸಕ್ಕರೆ ಅಲ್ಲಿ ಮೂರು ಮತ್ತು ಎರಡಾಗಿ ಸೀಳುತ್ತದೆ: ಮೂರರದ್ದು ಲ್ಯಾಕ್ಟಿಕ್, ಎರಡರದ್ದು ಅಸಿಟಿಕ್. ಗ್ರಾಂ ಕ್ಸೈಲೋಸ್‌ಗೆ 0.6 ಗ್ರಾಂ ಲ್ಯಾಕ್ಟಿಕ್, 0.4 ಗ್ರಾಂ ಅಸಿಟಿಕ್; ಎಷ್ಟು ಸರಿಪಡಿಸಿದರೂ ಅದಕ್ಕಿಂತ ಮೇಲೆ ಹೋಗದು, ಯಾಕೆಂದರೆ ಅದು ಪಥದ ಮಿತಿ. ಸೈಲೇಜ್ (ಹುದುಗಿಸಿಟ್ಟ ಹಸಿರು ಮೇವು) ಮಾಡುವವರಿಗೆ ಈ ಮಿಶ್ರಣ ತೊಂದರೆಯಿಲ್ಲ, ಅಸಿಟಿಕ್ ಬೂಷ್ಟು ತಡೆಯುತ್ತದೆ. ಶುದ್ಧ ಲ್ಯಾಕ್ಟಿಕ್ ಬೇಕಾದವರಿಗೆ ಮಾತ್ರ ಇದು ತಪ್ಪು ಆಯ್ಕೆ. 2020ರಲ್ಲಿ ಈ ಗುಂಪಿನ ಹೆಸರುಗಳು ಬದಲಾದವು. ಹುಡುಕುವಾಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪೆಂಟೋಸಸ್, ಲೆವಿಲ್ಯಾಕ್ಟೋಬ್ಯಾಸಿಲಸ್ ಬ್ರೆವಿಸ್ ಎಂದೂ ನೋಡಿ.

ಬ್ಯಾಸಿಲಸ್ ಕೊಆಗ್ಯುಲನ್ಸ್ ಪೆಂಟೋಸ್ ಫಾಸ್ಫೇಟ್ ಪಥದಲ್ಲಿ ಹೋಗುತ್ತದೆ. ಮೂರು ಕ್ಸೈಲೋಸ್‌ಗೆ ಐದು ಲ್ಯಾಕ್ಟಿಕ್, ಅಂದರೆ ಗ್ರಾಂಗೆ ಗ್ರಾಂ. ಕೈಗೆ 0.85ರ ಮೇಲೆ ಬರುವುದು ಅಪರೂಪವಲ್ಲ. ಕೆಜಿ ಸಿಪ್ಪೆಗೆ ಸುಮಾರು 127 ಗ್ರಾಂ. 50 ಡಿಗ್ರಿಯಲ್ಲಿ ಬೆಳೆಯುವುದರಿಂದ ಅಡ್ಡ ಸೋಂಕು ಕಡಿಮೆ. ಇದರ ಹಸಿವು ದೊಡ್ಡದು: ಯೀಸ್ಟ್ ಎಕ್ಸ್‌ಟ್ರಾಕ್ಟ್ ಲೀಟರಿಗೆ 5ರಿಂದ 10 ಗ್ರಾಂ ಬೇಕು, ಖರ್ಚು ಅಲ್ಲಿಯೇ. ಫೀನಾಲ್‌ಗಳಿಗೆ ಯೀಸ್ಟ್‌ಗಿಂತ ಬೇಗ ಮಣಿಯುತ್ತದೆ, ಹಾಗಾಗಿ ಇದ್ದಿಲಿನ ಹಂತ ಬಿಡುವಂತಿಲ್ಲ.

ಆಮ್ಲ ಸೇರಿದಂತೆ ಪಿಎಚ್ ಕುಸಿದು ಬೆಳವಣಿಗೆ ನಿಲ್ಲುತ್ತದೆ. ಪಿಎಚ್ ಪಂಪ್ ಇಲ್ಲದವರು ಸುಣ್ಣದಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್, ನಿರೀಕ್ಷಿತ ಲ್ಯಾಕ್ಟಿಕ್‌ನ ಗ್ರಾಂಗೆ 0.6 ಗ್ರಾಂನಂತೆ ಮೊದಲೇ ಹಾಕಬೇಕು. ಆಗ ಸಾದಾ ಕ್ಷಾರದ ಟೈಟ್ರೇಶನ್ ಕೆಲಸ ಮಾಡದು; ಆಮ್ಲ ಆಗಲೇ ಕ್ಯಾಲ್ಸಿಯಂ ಲ್ಯಾಕ್ಟೇಟ್ ಆಗಿರುತ್ತದೆ. ಕರಗಿದ ಕ್ಯಾಲ್ಸಿಯಂ ಅನ್ನು ಇಡಿಟಿಎ ಟೈಟ್ರೇಶನ್‌ನಿಂದ ಅಳೆದು ಲೆಕ್ಕ ಹಾಕಿ, ರಸದಲ್ಲಿ ಮೊದಲೇ ಕರಗಿದ್ದ ಜಿಪ್ಸಂನ ಪಾಲನ್ನು ಕಳೆಯಿರಿ. ಆ ಬ್ಲ್ಯಾಂಕ್ ಮರೆತರೆ ಇಳುವರಿ ಹಿಗ್ಗಿ ಕಾಣುತ್ತದೆ.

ಮೇವಿನ ಯೀಸ್ಟ್

ಟೊರುಲಾ, ಅಂದರೆ ಕ್ಯಾಂಡಿಡಾ ಯುಟಿಲಿಸ್. ಈಗಿನ ಹೆಸರು ಸೈಬರ್‌ಲಿಂಡ್ನೆರಾ ಜಾಡಿನಿ. ಹೆಸರಿನಲ್ಲಿ ಕ್ಯಾಂಡಿಡಾ ಇದ್ದರೂ ಇದು ಆಹಾರಕ್ಕೂ ಮೇವಿಗೂ ಬಹುಕಾಲದಿಂದ ಬಳಕೆಯಲ್ಲಿರುವ ಜೀವಿ. ಯುದ್ಧಕಾಲದ ಜರ್ಮನಿಯಲ್ಲಿ ಮರದ ಸಕ್ಕರೆಯ ಮೇಲೆ ಬೆಳೆಸಿದ್ದು. ಕ್ಸೈಲೋಸನ್ನು ಹುದುಗಿಸುವುದಿಲ್ಲ, ಉಸಿರಾಡಿ ತಿನ್ನುತ್ತದೆ. ಆದ್ದರಿಂದ ಎಷ್ಟು ಗಾಳಿ ಕೊಟ್ಟರೂ ತಪ್ಪಿಲ್ಲ: ಸೂಕ್ಷ್ಮ ಹೊಂದಾಣಿಕೆ ಬೇಡ, ಮೀನಿನ ತೊಟ್ಟಿಯ ಏರ್ ಪಂಪ್, ಸೋಸುವ ಹತ್ತಿ, ನೊರೆಗೆ ಒಂದೆರಡು ಹನಿ ಎಣ್ಣೆ, ಇಷ್ಟರಲ್ಲೇ ಆರಂಭ ಸಾಧ್ಯ. ಗಾಳಿ ನಿಂತರೆ ಮಾತ್ರ ಕೆಲಸ ಪೂರ್ತಿ ನಿಲ್ಲುತ್ತದೆ, ಹಾಗಾಗಿ ಇನ್ವರ್ಟರ್ ಬೇಕು. ಇಳುವರಿ ಗ್ರಾಂಗೆ 0.45ರ ಸುಮಾರು, ಕೆಜಿ ಸಿಪ್ಪೆಗೆ 67 ಗ್ರಾಂ ಒಣ ಯೀಸ್ಟ್, ಅದರಲ್ಲಿ ಅರ್ಧದಷ್ಟು ಪ್ರೋಟೀನ್. ಪ್ರೋಟೀನ್ ತಿಳಿಯಲು ಕೆಲ್ಡಾಲ್ ವಿಧಾನದಲ್ಲಿ ಅಳೆದ ಸಾರಜನಕವನ್ನು 6.25ರಿಂದ ಗುಣಿಸಿದರೆ ನ್ಯೂಕ್ಲಿಯಿಕ್ ಆಮ್ಲವೂ ಸೇರಿ ಹೆಚ್ಚು ತೋರಿಸುತ್ತದೆ. ಸಕ್ಕರೆ ಲೀಟರಿಗೆ 15 ಗ್ರಾಂ ಮಾತ್ರ ಇರುವುದು ಇಲ್ಲಿ ದೋಷವಲ್ಲ. ತೆಳು ರಸವನ್ನೇ ಇದು ಬಯಸುತ್ತದೆ, ಪಾಕ ಗಟ್ಟಿಮಾಡುವ ಖರ್ಚು ಉಳಿಯಿತು. ಮೇವಿಗೆ ಕೊಡುವ ಮುನ್ನ ತಾಮ್ರದ ಪರೀಕ್ಷೆ ಮಾಡಿಸಲೇಬೇಕು. ಯೀಸ್ಟ್ ತಾಮ್ರವನ್ನು ಮೈಯಲ್ಲಿ ಕೂಡಿಸಿಕೊಳ್ಳುತ್ತದೆ, ಕುರಿಗಳಿಗೆ ಅದು ಬೇಗ ವಿಷ.

ಮಾರ್ಪಡಿಸಿದ ತಳಿಗಳು

ಇಲ್ಲಿ ಬೇಗ ಮುಗಿಸಬಹುದು. ಫ್ಲಾರಿಡಾದಲ್ಲಿ ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಎರಡು ಜೀನ್ ಸೇರಿಸಿ ಇ.ಕೋಲಿಯಿಂದ ಇಥನಾಲ್ ತೆಗೆದರು. 1991ರಲ್ಲಿ ಅದಕ್ಕೆ ಸಿಕ್ಕಿದ್ದು ಅಮೆರಿಕದ 50,00,000ನೇ ಪೇಟೆಂಟ್. ಆನೆಯ ಲದ್ದಿಯಿಂದ ಪ್ರತ್ಯೇಕಿಸಿದ ಪೈರೊಮೈಸಿಸ್ ಶಿಲೀಂಧ್ರದ ಐಸೊಮರೇಸ್ ಜೀನನ್ನು ಬೇಕರಿ ಯೀಸ್ಟ್‌ಗೆ ಹಾಕಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದವರು 2003ರ ಹೊತ್ತಿಗೆ ಆ ಯೀಸ್ಟನ್ನು ಕ್ಸೈಲೋಸ್ ತಿನ್ನುವಂತೆ ಮಾಡಿದರು. ಕೆಲಸ ಅದ್ಭುತ. ಆದರೆ ನಮ್ಮಲ್ಲಿ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಇಲ್ಲದೆ ಇಂಥವನ್ನು ಮುಟ್ಟುವಂತಿಲ್ಲ. ಸಮಿತಿ ಇರುವ ಸಂಶೋಧನಾ ಸಂಸ್ಥೆ, ವಿಶ್ವವಿದ್ಯಾಲಯದೊಳಗೆ ಇದ್ದವರಿಗಷ್ಟೇ ಈ ಆಯ್ಕೆ. ಕಾಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ವೈಂಬರ್ಗ್ ಪಥವೂ ಹಾಗೆಯೇ: ಕ್ಸೈಲೋಸನ್ನು ಫಾಸ್ಫೇಟ್ ಅಂಟಿಸದೆ ಉತ್ಕರ್ಷಿಸಿ, ಒಂದು ಇಂಗಾಲವನ್ನೂ ಕಳೆದುಕೊಳ್ಳದೆ ಆಲ್ಫಾ ಕೀಟೋಗ್ಲುಟರೇಟ್‌ವರೆಗೆ ಒಯ್ಯುತ್ತದೆ. ಓದಲು ಚೆಂದ, ಸಿಪ್ಪೆಯ ರಸದಲ್ಲಿ ಸದ್ಯಕ್ಕೆ ನಿಮ್ಮ ಕೆಲಸಕ್ಕೆ ಬಾರದು.

ಯಾರಿಗೆ ಯಾವುದು

ಮೂರು ತಿಂಗಳ ಪ್ರಾಜೆಕ್ಟ್, ಸ್ಪೆಕ್ಟ್ರೋಫೋಟೋಮೀಟರ್ ಮತ್ತು ಬ್ಯುರೆಟ್ ಮಾತ್ರ ಇದೆ ಎಂದಾದರೆ ಕೊಆಗ್ಯುಲನ್ಸ್ ಅಥವಾ ಟೊರುಲಾ. ಎಚ್‌ಪಿಎಲ್‌ಸಿ ಸಿಗುತ್ತದೆ, ಪಥಗಳ ಬಗ್ಗೆ ಬರೆಯಬೇಕು ಎಂದಾದರೆ ಮಾರ್ಕ್ಸಿಯಾನಸ್ ಮತ್ತು ಸ್ಟಿಪಿಟಿಸ್ ಎರಡನ್ನೂ ಒಂದೇ ರಸದಲ್ಲಿ ಅಕ್ಕಪಕ್ಕ ಇಟ್ಟು, ಗಾಳಿಯನ್ನು ಮೂರು ಮಟ್ಟದಲ್ಲಿ ಬದಲಿಸಿ. ಕ್ಸೈಲಿಟಾಲ್ ಮತ್ತು ಇಥನಾಲ್‌ನ ಅನುಪಾತ ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಹಸು ಕೋಳಿ ಇರುವ ಕೃಷಿಕರಿಗೆ ಟೊರುಲಾ ಬಿಟ್ಟು ಬೇರೆ ಯಾವುದನ್ನೂ ಶಿಫಾರಸು ಮಾಡಲು ಮನಸ್ಸು ಬಾರದು, ಅದೂ ಆಮ್ಲ ನಿಭಾಯಿಸಲು ಕಲಿತ ಮೇಲೆ.

ಕರ್ನಾಟಕದ ಗಡಿಯ ಬೇರೆ ಕಡೆಯವರು ಕಚ್ಚಾವಸ್ತುವನ್ನು ನೋಡಿ ತೂಗಬೇಕು. ತಾಳವಾಡಿಯ ಜೋಳದ ದಿಂಡು, ಮೆಕ್ಕೆಜೋಳದ್ದು, ಕ್ಸೈಲಾನ್‌ಗೆ ಅಡಿಕೆ ಸಿಪ್ಪೆಗಿಂತ ಒಳ್ಳೆಯದು, ತಾಮ್ರದ ಕಾಟವೂ ಇಲ್ಲ. ಆದೋನಿಯ ಹತ್ತಿ ಕಡ್ಡಿ ನಡೆದೀತು. ಮಡಕಶಿರಾದ ಶೇಂಗಾ ಸಿಪ್ಪೆ, ನಮ್ಮದೇ ತೆಂಗಿನ ನಾರಿನ ಹುಡಿ, ಎರಡರಲ್ಲೂ ಲಿಗ್ನಿನ್ ಜಾಸ್ತಿ, ಶ್ರಮ ದಂಡ. ಸೊಲ್ಲಾಪುರದ ಬಿಳಿಜೋಳದ ಕಣಿಕೆಯಲ್ಲಿ ಕ್ಸೈಲಾನ್ ಬೇಕಾದಷ್ಟಿದೆ, ಆದರೆ ಅದನ್ನು ದನದ ಬಾಯಿಂದ ಕಸಿದು ಆಮ್ಲಕ್ಕೆ ಹಾಕುವುದರಲ್ಲಿ ಅರ್ಥವಿಲ್ಲ.

ಶುರುಮಾಡುವಾಗ

ತಳಿ ಬಂದ ಮೇಲೆ ಅದನ್ನು ಗ್ಲೂಕೋಸ್ ಅಗರ್‌ನಲ್ಲಿ ಬೆಳೆಸಿ ನೇರ ರಸಕ್ಕೆ ಹಾಕಿದರೆ ಒಂದೆರಡು ದಿನ ಸುಮ್ಮನೆ ಕೂರುತ್ತದೆ. ಕ್ಸೈಲೋಸ್ ಕಿಣ್ವಗಳು ಕ್ಸೈಲೋಸ್ ಕಂಡರೆ ಮಾತ್ರ ತಯಾರಾಗುವಂಥವು. ಯೀಸ್ಟ್ ಎಕ್ಸ್‌ಟ್ರಾಕ್ಟ್ 10, ಪೆಪ್ಟೋನ್ 20, ಕ್ಸೈಲೋಸ್ 20, ಅಗರ್ 20 ಗ್ರಾಂ, ಲೀಟರಿಗೆ. ಕ್ಸೈಲೋಸನ್ನು ಬೇರೆ ಬಾಟಲಿಯಲ್ಲಿ ಆಟೊಕ್ಲೇವ್ ಮಾಡಿ ಆಮೇಲೆ ಸೇರಿಸಿ. ಪೆಪ್ಟೋನ್ ಜೊತೆ ಬೇಯಿಸಿದರೆ ಕಂದು ಬಣ್ಣಕ್ಕೆ ತಿರುಗಿ ಸಕ್ಕರೆಯೂ ಕಮ್ಮಿ, ವಿಷವೂ ಜಾಸ್ತಿ. ನಂತರ ಕಾಲು ಪಾಲು, ಅರ್ಧ, ಮುಕ್ಕಾಲು ರಸ ಎಂದು ಹಂತ ಹಂತವಾಗಿ ಒಗ್ಗಿಸಿ, 24 ಗಂಟೆಯ ಬೆಳವಣಿಗೆಯಿಂದ 10 ಶೇಕಡಾ ಹಾಕಿ.

ಡಿಎನ್‌ಎಸ್ ಎಂಬ, ಬಣ್ಣ ನೋಡಿ ಸಕ್ಕರೆ ಅಳೆಯುವ ವಿಧಾನದಲ್ಲಿ ಸಕ್ಕರೆ ಇಳಿದದ್ದು ಕಂಡು ಖುಷಿಪಡುವ ಮೊದಲು ನೆನಪಿಡಿ: ಅದು ಗ್ಲೂಕೋಸ್, ಅರಾಬಿನೋಸ್ ಎಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ, ಕ್ಸೈಲಿಟಾಲನ್ನು ಎಣಿಸುವುದೇ ಇಲ್ಲ. ಎಚ್‌ಪಿಎಲ್‌ಸಿಯ ಜಲಜನಕ ರೂಪದ ಕಾಲಮ್‌ನಲ್ಲಿ ಕ್ಸೈಲೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಒಂದೇ ಶಿಖರವಾಗಿ ಬರುತ್ತವೆ, ಅದನ್ನೂ ವರದಿಯಲ್ಲಿ ಹೇಳಿ.

ಮೊದಲ ಸಲ ಮೂರು ಫ್ಲಾಸ್ಕ್ ಒಟ್ಟಿಗೆ ಇಡಿ: ಒಂದರಲ್ಲಿ ಅಂಗಡಿಯ ಶುದ್ಧ ಕ್ಸೈಲೋಸ್, ಇನ್ನೊಂದರಲ್ಲಿ ಶುಚಿಮಾಡಿದ ಸಿಪ್ಪೆ ರಸ, ಮೂರನೆಯದರಲ್ಲಿ ಅದೇ ಶುದ್ಧ ಕ್ಸೈಲೋಸ್‌ಗೆ ರಸದಲ್ಲಿರುವಷ್ಟೇ ಅಸಿಟಿಕ್ ಆಮ್ಲ ಸೇರಿಸಿ ಪಿಎಚ್ ಸರಿಮಾಡಿದ್ದು. ಮೊದಲನೆಯದೂ ಬೆಳೆಯದಿದ್ದರೆ ದೋಷ ತಳಿಯಲ್ಲೋ ಇನ್‌ಕ್ಯುಬೇಟರಿನಲ್ಲೋ ಇದೆ. ಮೂರನೆಯದು ಸೊರಗಿದರೆ ಪಿಎಚ್ ಇನ್ನಷ್ಟು ಏರಿಸಿ. ಒಂದೂ ಮೂರೂ ಚೆನ್ನಾಗಿ ಬೆಳೆದು ಎರಡನೆಯದು ಮಾತ್ರ ನಿಂತಿದ್ದರೆ ಫೀನಾಲ್ ಅಥವಾ ತಾಮ್ರ. ಇದ್ದಿಲು ಎರಡು ಪಟ್ಟು ಮಾಡಿ ನೋಡಿ, ಆಗಲೂ ಏಳದಿದ್ದರೆ ಪಿಎಚ್ 10ರಲ್ಲಿ ಸೋಸಿದ್ದು ಸರಿಯಾಗಿತ್ತೇ ಎಂದು ತಿರುಗಿ ಪರೀಕ್ಷಿಸಿ.